ಮನೆಯ ಜೀರ್ಣೋದ್ಧಾರ

(ಬಾನುಲಿ ಭಾಷಣ)

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಕೇಳದವರಿಲ್ಲ. ಈ ಎರಡನ್ನೂ ಮಾಡಿ ನೋಡಿದವನು ನಾನು. ಆ ಅನುಭವದ ಬಲದಿಂದ ಹೇಳುವುದಾದರೆ, ಗಾದೆ ಕಟ್ಟಿದ ಹಿರಿಯರು ಮೂರನೆಯದೊಂದನ್ನು ಬಿಟ್ಟುಬಿಟ್ಟಿದ್ದಾರೆ: ಹಳೆಯ ಮನೆಯನ್ನು ರಿಪೇರಿ ಮಾಡಿ ನೋಡು. ಹೊಸ ಮನೆಗೆ ಒಂದು ನಕ್ಷೆಯಿರುತ್ತದೆ, ಒಂದು ಅಂದಾಜುಪಟ್ಟಿಯಿರುತ್ತದೆ. ಖರ್ಚು ಅಂದಾಜನ್ನು ಮೀರಿದರೂ ಎಷ್ಟು ಮೀರಿತೆಂಬುದು ತಿಳಿಯುತ್ತದೆ. ಹಳೆಯ ಮನೆಯ ಸಂಗತಿ ಹಾಗಲ್ಲ. ಒಡೆದ ಹೆಂಚೊಂದನ್ನು ತೆಗೆದರೆ ಕೆಳಗಿನ ರೀಪು ಕೊಳೆತಿರುವುದು ಕಾಣುತ್ತದೆ. ರೀಪನ್ನು ಕಿತ್ತರೆ ಜಂತೆಗೆ ಗೆದ್ದಲು ಹಿಡಿದಿರುವುದು ಕಾಣುತ್ತದೆ. ಜಂತೆಯನ್ನು ಅಲುಗಿಸಿದರೆ ಗೋಡೆಯ ನೆತ್ತಿಯ ಮಣ್ಣು ಉದುರುತ್ತದೆ. ಒಂದು ಹೆಂಚಿನ ಬೆಲೆಯೆಂದು ಹೊರಟ ಗೃಹಸ್ಥ ಒಂದು ಗೋಡೆಯ ಬೆಲೆ ತೆತ್ತು ಕೂರುತ್ತಾನೆ. ಇಂಥ ಕೆಲಸದಲ್ಲಿ ಹಣ ಎಲ್ಲಿ ಸೋರುತ್ತದೆ, ಅದನ್ನು ಎಲ್ಲಿ ತಡೆಯಬಹುದು, ಎಲ್ಲಿ ತಡೆಯಕೂಡದು ಎಂಬುದನ್ನು ನಾನು ಪಟ್ಟ ಪಾಡಿನ ಮೂಲಕವೇ ನಿಮ್ಮ ಮುಂದಿಡಬೇಕೆಂದಿದ್ದೇನೆ.

ನನ್ನ ಹುಟ್ಟೂರು ಅರಸೀಕೆರೆ ತಾಲ್ಲೂಕಿನ ಜಾವಗಲ್ಲು. ಬಾಣಾವರದಿಂದ ಹಳೇಬೀಡಿಗೆ ಹೋಗುವ ದಾರಿಯಲ್ಲಿ ಸಿಗುವ ಊರು. ನಮ್ಮ ತಂದೆ 1962ರಲ್ಲಿ ಅಲ್ಲಿ ಕಟ್ಟಿಸಿದ ಮನೆ ಮಣ್ಣಿನ ಗೋಡೆಯದು, ಮಂಗಳೂರು ಹೆಂಚಿನದು. ನಡುವೆ ನಾಲ್ಕು ಕಂಬದ ಹಜಾರ, ಮೂರು ಕೋಣೆ, ಅಡುಗೆಮನೆ, ಹಿತ್ತಿಲಲ್ಲಿ ಬಚ್ಚಲು, ಬೀದಿಗೆ ಜಗಲಿ. ನಾನು ಪಾಠ ಹೇಳುತ್ತ ಊರೂರು ತಿರುಗಿದೆ. ತಮ್ಮ ಬೆಂಗಳೂರು ಸೇರಿದ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಬಂದ ನಮ್ಮಕ್ಕ ಆ ಮನೆಯಲ್ಲಿ ತಂದೆತಾಯಿಗಳನ್ನು ಕೊನೆಯವರೆಗೂ ನೋಡಿಕೊಂಡು, ಈಗ ಒಬ್ಬಳೇ ಉಳಿದಿದ್ದಾಳೆ. 2019ರಲ್ಲಿ ನಾನು ನಿವೃತ್ತನಾದ ಮೇಲೆ ಮನೆಯ ಮಾತು ಬಂದಿತು. ಛಾವಣಿ ಸೋರುತ್ತಿತ್ತು, ವಯಸ್ಸಾದ ಅಕ್ಕ ರಾತ್ರಿ ಹಿತ್ತಿಲಿಗೆ ನಡೆದು ಹೋಗಬೇಕಾಗಿತ್ತು. ಮಾರಿಬಿಡೋಣವೆಂದು ತಮ್ಮ ಹೇಳಿದ. ಕೆಡವಿ ತಾರಸಿ ಮನೆ ಕಟ್ಟೋಣವೆಂದು ನನ್ನ ಮಗ ಹೇಳಿದ. 10 ಚದರದ ತಾರಸಿ ಮನೆಗೆ 22 ಲಕ್ಷ ರೂಪಾಯಿ ಆಗುವುದೆಂದು ಒಬ್ಬ ಗುತ್ತಿಗೆದಾರರು ಬರೆದುಕೊಟ್ಟರು. ನನ್ನಲ್ಲಿ ಈ ಕೆಲಸಕ್ಕೆಂದು ತೆಗೆದಿಡಬಹುದಾಗಿದ್ದದ್ದು 6 ಲಕ್ಷ. ಕೊನೆಗೆ ತಮ್ಮನೂ ನಾನೂ ಒಂದು ಒಪ್ಪಂದಕ್ಕೆ ಬಂದೆವು: 6 ಲಕ್ಷದೊಳಗೆ ಮನೆ ವಾಸಕ್ಕೆ ಯೋಗ್ಯವಾದರೆ ಉಳಿಸಿಕೊಳ್ಳುವುದು, ಆಗದಿದ್ದರೆ ಮಾರುವುದು. ಈ ಮಾತುಕತೆಯೆಲ್ಲ ನಡೆಯುವಾಗ ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. “ನಂಗೇನು ಬ್ಯಾಡ ಕಣೋ, ಸೂರು ಸೋರದಿದ್ರೆ ಸಾಕು” ಎಂದಷ್ಟೇ ಹೇಳಿ ಒಳಗೆ ಹೋದಳು. ಹೀಗೆ ಮಿತವ್ಯಯವೆಂಬುದು ನನ್ನ ಪಾಲಿಗೆ ಬರಿಯ ಜಾಣತನದ ವಿಷಯವಾಗಿ ಉಳಿಯಲಿಲ್ಲ; ಒಬ್ಬಳು ಹೆಣ್ಣುಮಗಳ ನೆಲೆಯ ಪ್ರಶ್ನೆಯಾಯಿತು.

ಕನ್ನಡದ ಮೇಷ್ಟರಾದವರಿಗೆ ಒಂದು ದೌರ್ಬಲ್ಯವುಂಟು. ಯಾವ ಕಷ್ಟ ಬಂದರೂ ಮೊದಲು ಹಳೆಯ ಶಾಸನಗಳಲ್ಲಿ ಅದಕ್ಕೆ ಪರಿಹಾರವಿದೆಯೇ ಎಂದು ನೋಡುತ್ತಾರೆ. ನಾನೂ ನೋಡಿದೆ, ಪರಿಹಾರ ಸಿಕ್ಕಿತು. ನಮ್ಮ ನಾಡಿನ ದಾನಶಾಸನಗಳನ್ನು ಓದಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಪರಿಚಿತವಾದದ್ದು. ಖಂಡವೆಂದರೆ ಒಡೆದದ್ದು, ಸ್ಫುಟಿತವೆಂದರೆ ಬಿರುಕು ಬಿಟ್ಟದ್ದು, ಜೀರ್ಣವೆಂದರೆ ಹಳತಾಗಿ ಸವೆದದ್ದು. ದೇವಾಲಯವನ್ನೋ ಬಸದಿಯನ್ನೋ ಕಟ್ಟಿಸಿದವರು ದೇವರ ಪೂಜೆಗೆ, ತಪಸ್ವಿಗಳ ಆಹಾರಕ್ಕೆ ಭೂಮಿ ಬಿಡುವಾಗಲೇ ಈ ಒಡಕು ಬಿರುಕುಗಳ ದುರಸ್ತಿಗೂ ಸೇರಿಸಿ ಬಿಡುತ್ತಿದ್ದರು. ಕಟ್ಟಡ ಹೊಸದಾಗಿ ಹೊಳೆಯುತ್ತಿರುವ ದಿನವೇ ಅದು ಒಡೆಯುವ ದಿನವನ್ನು ನೆನೆದು ಆದಾಯವೊಂದನ್ನು ಗೊತ್ತುಮಾಡುವುದು ಸಾಮಾನ್ಯ ವಿವೇಕವಲ್ಲ. ನಾವಾದರೋ ಗೃಹಪ್ರವೇಶದ ದಿನ ಕೈಯಲ್ಲಿದ್ದ ಕಡೆಯ ರೂಪಾಯಿಯನ್ನೂ ಖರ್ಚು ಮಾಡಿ, ಆಮೇಲೆ ಇಪ್ಪತ್ತು ವರ್ಷ ಮನೆಯ ಕಡೆ ತಿರುಗಿ ನೋಡುವುದಿಲ್ಲ. ನೂರು ರೂಪಾಯಿಯ ಹೆಂಚನ್ನು ಆ ವರ್ಷವೇ ಬದಲಿಸದವನು ಹತ್ತು ವರ್ಷದ ಮೇಲೆ ಹತ್ತು ಸಾವಿರದ ತೊಲೆಯನ್ನು ಬದಲಿಸುತ್ತಾನೆ. ಮನೆಯ ಕೆಲಸದಲ್ಲಿ ಹಣ ಉಳಿಸುವ ಉಪಾಯಗಳಲ್ಲೆಲ್ಲ ಮೊದಲನೆಯದು ಇದೇ: ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ಮನೆಯನ್ನು ನೆತ್ತಿಯಿಂದ ಪಾದದವರೆಗೆ ನೋಡುವುದು, ನೋಡಿದ್ದನ್ನು ಸರಿಪಡಿಸಲು ಒಂದಿಷ್ಟು ಹಣವನ್ನು ಬೇರೆಯಾಗಿಡುವುದು.

ಎರಡನೆಯ ಪಾಠವನ್ನು ನಮ್ಮೂರಿನ ಲಕ್ಷ್ಮೀನರಸಿಂಹ ದೇವಾಲಯ ಕಲಿಸಿತು. ಅದು ಹದಿಮೂರನೆಯ ಶತಮಾನದ ನಡುಭಾಗದ ಹೊಯ್ಸಳ ದೇವಾಲಯ. ಒಳಗೆ ಮೂರು ಗರ್ಭಗುಡಿಗಳಿವೆ. ಆದರೆ ಹೊರಗೆ ಶಿಖರವಿರುವುದು ನಡುವಿನ ಒಂದಕ್ಕೆ ಮಾತ್ರ. ಹಣ ಉಳಿಸಲೆಂದೇ ಶಿಲ್ಪಿಗಳು ಹೀಗೆ ಮಾಡಿದರೆಂದು ಹೇಳುವ ಸಾಹಸಕ್ಕೆ ನಾನು ಇಳಿಯುವುದಿಲ್ಲ. ಆದರೆ ಒಂದು ಶಿಖರದಿಂದ ಮೂರು ಗುಡಿಗಳ ಗೌರವವೂ ನಿಂತಿದೆಯೆಂಬುದನ್ನು ಯಾರು ಬೇಕಾದರೂ ನೋಡಬಹುದು. ಇನ್ನೂ ಒಂದು ಮಾತು. ಬೇಲೂರು ಹಳೇಬೀಡುಗಳ ಕುಸುರಿಯನ್ನು ಸಾಧ್ಯವಾಗಿಸಿದ್ದು ಬಳಪದ ಕಲ್ಲು. ಅದು ಗಣಿಯಿಂದ ತೆಗೆದಾಗ ಮೆದುವಾಗಿದ್ದು, ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುತ್ತದೆ. ಕೈಗೆಟಕುವ ವಸ್ತುವಿನ ಗುಣವನ್ನರಿತು ಅದರ ಗುಣಕ್ಕೊಪ್ಪುವ ಕೆಲಸವನ್ನು ಮಾಡಿಸಿದವರು ಅವರು. ಇಂದು ನಾವು ರಾಜಸ್ಥಾನದ ಕಲ್ಲನ್ನು ಲಾರಿಯಲ್ಲಿ ತರಿಸಿ ಮಣ್ಣಿನ ಗೋಡೆಗೆ ಅಂಟಿಸಲು ಹೋಗುತ್ತೇವೆ. ಕಲ್ಲಿನ ಬೆಲೆಗಿಂತ ಸಾಗಾಣಿಕೆಯ ಬೆಲೆ ಹೆಚ್ಚು. ಎರಡಕ್ಕಿಂತಲೂ ಹೆಚ್ಚು ಅದು ಗೋಡೆಗೆ ಮಾಡುವ ಕೇಡು.

ಇನ್ನು ಕೆಲಸದ ವಿಚಾರ. ಮೇಸ್ತ್ರಿಯನ್ನು ಕರೆಯುವ ಮೊದಲು ಒಂದು ಹಾಳೆಯಲ್ಲಿ ಮೂರು ಕಂಬಸಾಲುಗಳನ್ನು ಎಳೆದುಕೊಂಡೆ. ಮೊದಲನೆಯದಕ್ಕೆ ‘ಇಲ್ಲದಿದ್ದರೆ ಬದುಕು ನಡೆಯದು’ ಎಂದು ಹೆಸರಿಟ್ಟೆ. ಎರಡನೆಯದಕ್ಕೆ ‘ಇದ್ದರೆ ಸುಖ’. ಮೂರನೆಯದಕ್ಕೆ ‘ನಾಲ್ಕು ಜನ ನೋಡಲಿ’. ಸೋರದ ಛಾವಣಿ, ಮನೆಯೊಳಗೇ ಶೌಚಾಲಯ, ಹೊಸ ವಿದ್ಯುತ್ ತಂತಿ ಇವು ಮೊದಲನೆಯ ಸಾಲಿಗೆ ಸೇರಿದವು. ಬೆಳಕು, ನೆಲ, ಅಡುಗೆಮನೆಯ ಕಟ್ಟೆ ಎರಡನೆಯದಕ್ಕೆ. ಮಗ ಹೇಳಿದ ಸುಳ್ಳುಛಾವಣಿ, ಬೀದಿಯ ಕಡೆಯ ಉಕ್ಕಿನ ಕಟಕಟೆ, ಹಜಾರದ ಗೋಡೆಗೆ ಕಲ್ಲಿನ ಹೊದಿಕೆ ಮೂರನೆಯದಕ್ಕೆ ಬಂದವು. ಪ್ರಾಮಾಣಿಕವಾಗಿ ಹಂಚಿದ ಮೇಲೆ ಮೂರನೆಯ ಸಾಲನ್ನು ಒಂದೇ ಗೆರೆಯಲ್ಲಿ ಹೊಡೆದುಹಾಕಿದೆ. ಅನಂತರ ಕೈಯಲ್ಲಿದ್ದ 6 ಲಕ್ಷದಲ್ಲಿ ಹತ್ತನೆಯ ಒಂದು ಭಾಗವನ್ನು, ಎಂದರೆ 60 ಸಾವಿರವನ್ನು, ಕಾಣದ ಖರ್ಚಿಗೆಂದು ಬದಿಗಿಟ್ಟೆ. ಹಳೆಯ ಮನೆಯಲ್ಲಿ ಕಾಣದ ಖರ್ಚು ಬಂದೇ ಬರುತ್ತದೆ. ಅದಕ್ಕೆ ಮೊದಲೇ ಮಣೆ ಹಾಕಿಟ್ಟರೆ ಅದು ಸಾಲದ ಬಾಗಿಲಿನಿಂದ ಬರುವುದಿಲ್ಲ.

ಕೆಲಸದ ಕ್ರಮದಲ್ಲಿಯೂ ಹಣವುಂಟು. ಮೇಲಿನಿಂದ ಕೆಳಕ್ಕೆ, ಒದ್ದೆಯಿಂದ ಒಣಕ್ಕೆ ಎಂಬುದು ಸೂತ್ರ. ಮೊದಲು ಛಾವಣಿ, ಆಮೇಲೆ ನೀರು ಹೋಗುವ ದಾರಿ, ಆಮೇಲೆ ತಂತಿ ಕೊಳವೆಗಳು, ಆಮೇಲೆ ಗೋಡೆ, ಆಮೇಲೆ ನೆಲ, ಎಲ್ಲಕ್ಕೂ ಕೊನೆಯಲ್ಲಿ ಬಣ್ಣ. ನಮ್ಮಲ್ಲಿ ಬಹುಮಂದಿ ಬಣ್ಣದಿಂದ ಪ್ರಾರಂಭಿಸುತ್ತಾರೆ, ಏಕೆಂದರೆ ಕಣ್ಣಿಗೆ ಕಾಣುವುದು ಅದು. ಬಣ್ಣ ಸುಲಿಯುವುದು ಬಣ್ಣದ ದೋಷವಲ್ಲ. ಗೋಡೆಯೊಳಗಿನ ನೀರಿನ ದೂರು. ದೂರನ್ನು ಕೇಳದೆ ಬಾಯಿ ಮುಚ್ಚಿಸಿದರೆ ಏನಾಗುತ್ತದೆಂಬುದಕ್ಕೆ ನಾನೇ ಸಾಕ್ಷಿ. ಹೇಳಿಕೊಳ್ಳಲು ಸಂಕೋಚವಾದರೂ ಹೇಳುತ್ತೇನೆ.

1997ರಲ್ಲಿ ನನಗೆ ಒಂದು ಬಾಕಿ ಸಂಬಳದ ಮೊತ್ತ ಒಟ್ಟಾಗಿ ಬಂದಿತು. ಊರಿನ ಮನೆಯ ಪಡುವಣ ಗೋಡೆ ಬುಡದಲ್ಲಿ ಒದ್ದೆಯಾಗಿ ಸುಣ್ಣ ಉದುರುತ್ತಿತ್ತು. ಹಣ ಕಳಿಸಿ, ಆ ಗೋಡೆಗೆ ಒಳಗೂ ಹೊರಗೂ ಗಟ್ಟಿಯಾಗಿ ಸಿಮೆಂಟ್ ಗಾರೆ ಮಾಡಿಸಿ, ಮೇಲೆ ಎಣ್ಣೆಬಣ್ಣ ಹೊಡೆಸಿರೆಂದು ಕಾಗದ ಬರೆದೆ. ನಮ್ಮ ತಂದೆ ಬೇಡವೆಂದರು. ಓದಿದ ಮಗನ ಮಾತಿನ ಮುಂದೆ ಸುಮ್ಮನಾದರು. ಗೋಡೆ ಕನ್ನಡಿಯಂತಾಯಿತು. ನಾಲ್ಕು ಜನ ಹೊಗಳಿದರು. ಆದರೆ ಒದ್ದೆಯ ಮೂಲ ಸೂರಿನ ನೀರಾಗಿತ್ತು. ಅದು ಗೋಡೆಯ ಬುಡದಲ್ಲೇ ಬಿದ್ದು ಅಲ್ಲೇ ಇಂಗುತ್ತಿತ್ತು. ಮೊದಲಾದರೆ ಮಣ್ಣು ಹೀರಿದ ನೀರು ಸುಣ್ಣದ ಸಾರಣೆಯ ಮೂಲಕ ಬಿಸಿಲಿಗೆ ಆರಿಹೋಗುತ್ತಿತ್ತು. ಈಗ ಎರಡು ಕಡೆಯೂ ಸಿಮೆಂಟಿನ ಕವಚ. ಒಳಹೊಕ್ಕ ನೀರಿಗೆ ಹೊರದಾರಿಯಿಲ್ಲ. ಎಂಟು ವರ್ಷ ಆ ಗೋಡೆ ಒಳಗೊಳಗೇ ಕೆಸರಾಯಿತು, ಹೊರಗೆ ಹೊಳೆಯುತ್ತಲೇ ಇತ್ತು. 2005ರ ಮಳೆಗಾಲದ ಒಂದು ರಾತ್ರಿ ಅದರ ಒಂದು ಪಾಲು ಕೋಣೆಯೊಳಕ್ಕೆ ಕುಸಿಯಿತು. ಅಕ್ಕ ಮಲಗುತ್ತಿದ್ದದ್ದು ಅದೇ ಗೋಡೆಯ ಬುಡದಲ್ಲಿ. ಆ ರಾತ್ರಿ ಹಸು ಕರು ಹಾಕುವುದರಲ್ಲಿದ್ದುದರಿಂದ ಅವಳು ಕೊಟ್ಟಿಗೆಯಲ್ಲಿದ್ದಳು. ಹಾಸಿಗೆಯ ಮೇಲೆ ಮೊಳದೆತ್ತರ ಮಣ್ಣು ಬಿದ್ದಿತ್ತು. ಆ ಸಿಮೆಂಟಿಗೆ ನಾನು ಕೊಟ್ಟ ಹಣ ದಂಡವಾಯಿತೆಂದು ಇಂದಿಗೂ ನನಗೆ ವ್ಯಥೆಯಿಲ್ಲ. ಅದು ಏನನ್ನು ಕೊಳ್ಳುವುದರಲ್ಲಿತ್ತು ಎಂಬುದನ್ನು ನೆನೆದಾಗ ಮಾತ್ರ ಮೈ ನಡುಗುತ್ತದೆ. ಅಕ್ಕ ಒಂದು ದಿನವೂ ನನಗೆ ಆ ಮಾತನ್ನು ಆಡಿಲ್ಲ.

ಆದ್ದರಿಂದ 2022ರ ಸಂಕ್ರಾಂತಿ ಕಳೆದು ಕೆಲಸ ಪ್ರಾರಂಭಿಸಿದಾಗ ಮೊದಲ ಹಣವನ್ನು ನೀರಿಗೆ ದಾರಿ ಮಾಡಲು ಇಟ್ಟೆ. ಸೂರನ್ನು ಮುಂದಕ್ಕೆ ಚಾಚಿಸಿದೆವು. ಗೋಡೆಯ ಬುಡದಿಂದ ಹೊರಕ್ಕೆ ಇಳಿಜಾರಾಗಿ ಕಲ್ಲು ಹಾಸಿ, ಅದರಾಚೆ ಒಂದು ಚರಂಡಿ ತೆಗೆಸಿದೆವು. ಒಟ್ಟು 22 ಸಾವಿರ ರೂಪಾಯಿಯ ಈ ಕೆಲಸವನ್ನು ಬಂದವರಾರೂ ಗಮನಿಸುವುದಿಲ್ಲ. ಮನೆಯನ್ನು ಉಳಿಸಿದ್ದು ಅದೇ.

ಸುಣ್ಣದ ಬಗ್ಗೆ ಎರಡು ಮಾತು ವಿವರವಾಗಿ ಹೇಳಬೇಕು. ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಟ್ಟಾಗ ಅದರೊಳಗಿನ ಇಂಗಾಲಾಮ್ಲ ವಾಯು ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹಾಕಿದರೆ ಕುದಿದು ಅರಳುತ್ತದೆ. ಅರಳಿದ ಸುಣ್ಣವನ್ನು ಗೋಡೆಗೆ ಬಳಿದಾಗ ಅದು ಗಾಳಿಯಲ್ಲಿರುವ ಅದೇ ವಾಯುವನ್ನು ಮೆಲ್ಲಮೆಲ್ಲನೆ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಕಲ್ಲು ಸುಣ್ಣವಾಗಿ, ಸುಣ್ಣ ಕಲ್ಲಾಗುವ ಈ ಪುನರ್ಜನ್ಮವನ್ನು ನಮ್ಮ ಹಿರಿಯರು ರಸಾಯನಶಾಸ್ತ್ರ ಓದದೆಯೇ ಅರಿತಿದ್ದರು. ಹೀಗೆ ಗಟ್ಟಿಯಾದ ಸುಣ್ಣದಲ್ಲಿ ಸಣ್ಣ ಸಣ್ಣ ರಂಧ್ರಗಳು ಉಳಿಯುವುದರಿಂದ ಗೋಡೆಯ ತೇವ ಹೊರಕ್ಕೆ ಹೋಗಬಲ್ಲದು. “ಮೇಷ್ಟ್ರೇ, ಸಿಮೆಂಟು ಬಾಯಿ ಕಟ್ಟುತ್ತೆ, ಸುಣ್ಣ ಉಸಿರಾಡುತ್ತೆ” ಎಂದು ನಮ್ಮ ಮೇಸ್ತ್ರಿ ಒಂದೇ ಮಾತಿನಲ್ಲಿ ಹೇಳಿದರು. ತಾರಸಿ ಮನೆಗೆ, ಸುಟ್ಟ ಇಟ್ಟಿಗೆಗೆ ಸಿಮೆಂಟು ಸರಿ. ಮಣ್ಣಿನ ಗೋಡೆಗೆ ಮಣ್ಣೂ ಸುಣ್ಣವೂ ಸರಿ. ಗಟ್ಟಿಯಾದದ್ದೆಲ್ಲ ಒಳ್ಳೆಯದಲ್ಲ, ಒಂದಕ್ಕೊಂದು ಹೊಂದುವುದು ಒಳ್ಳೆಯದು.

ನಾವು ಸುಣ್ಣವನ್ನು ತೊಟ್ಟಿಯಲ್ಲಿ ಅರಳಿಸಿ, ದಿನಗಟ್ಟಲೆ ನೀರಿನಲ್ಲಿ ನೆನೆಯಲು ಬಿಟ್ಟು, ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಅಂಟು ಬೆರೆಸಿ ತೆಳುವಾಗಿ ಮೂರು ಸಲ ಹೊಡೆಸಿದೆವು. ದಪ್ಪವಾಗಿ ಒಂದೇ ಸಲ ಹೊಡೆದರೆ ಹೊಪ್ಪಳೆಯಾಗಿ ಏಳುತ್ತದೆ. ಗೋಡೆಯನ್ನು ಮೊದಲು ನೀರು ಚಿಮುಕಿಸಿ ತೋಯಿಸಬೇಕು. ಒಣಗೋಡೆ ಸುಣ್ಣದ ನೀರನ್ನು ಕುಡಿದುಬಿಟ್ಟರೆ ಅದು ಕೈಗೆ ಮೆತ್ತುವ ಪುಡಿಯಾಗಿಯೇ ಉಳಿಯುತ್ತದೆ. ಸುಣ್ಣ ಅರಳಿಸುವಾಗ ಮಕ್ಕಳನ್ನು ದೂರವಿಡಬೇಕು. ಕಣ್ಣಿಗೆ ಹಾರಿದರೆ ದೃಷ್ಟಿಗೇ ಅಪಾಯ.

ಮೂರನೆಯ ಉಪಾಯ, ಇದ್ದದ್ದನ್ನು ಮತ್ತೆ ಬಳಸುವುದು. ನಮ್ಮ ಛಾವಣಿಯಲ್ಲಿ 2,600 ಹೆಂಚುಗಳಿದ್ದವು. ಎಲ್ಲವನ್ನೂ ಬಿಸಾಡಿ ತಗಡು ಹಾಕಿಸಿರೆಂದು ಹೇಳಿದವರಿದ್ದರು. ಮಂಗಳೂರು ಹೆಂಚೆಂಬುದು 1860ರ ದಶಕದಲ್ಲಿ ಬಾಸೆಲ್ ಮಿಶನ್ನಿನವರು ನೇತ್ರಾವತಿಯ ಕಡೆಯ ಜೇಡಿಮಣ್ಣಿನಿಂದ ಪ್ರಾರಂಭಿಸಿದ ಉದ್ಯಮ. ಚೆನ್ನಾಗಿ ಸುಟ್ಟ ಹೆಂಚು ಮನುಷ್ಯನಿಗಿಂತ ಹೆಚ್ಚು ಕಾಲ ಬಾಳುತ್ತದೆ. ಅದನ್ನು ಪರೀಕ್ಷಿಸಲು ಯಾವ ಯಂತ್ರವೂ ಬೇಡ. ಕೈಯಲ್ಲಿ ಹಿಡಿದು ಬೆರಳ ಗೆಣ್ಣಿನಿಂದ ತಟ್ಟಿದರೆ ಗಟ್ಟಿಯಾದದ್ದು ಗಂಟೆಯಂತೆ ದನಿಗೊಡುತ್ತದೆ. ಬಿರುಕು ಬಿಟ್ಟದ್ದು ಮಂಕಾಗಿ ಸದ್ದುಮಾಡುತ್ತದೆ. ಅಕ್ಕ ಜಗಲಿಯ ಮೇಲೆ ಕುಳಿತು ನಾಲ್ಕು ದಿನ ಒಂದೊಂದನ್ನೂ ತಟ್ಟಿ ನೋಡಿದಳು. 2,150 ಹೆಂಚುಗಳು ದನಿಗೊಟ್ಟವು. ಉಳಿದ 450ನ್ನು ಹತ್ತಿರದ ಹಳ್ಳಿಯಲ್ಲಿ ಕೆಡವುತ್ತಿದ್ದ ಮನೆಯೊಂದರಿಂದ ಕೊಂಡುತಂದೆವು. ಜಂತೆಗಳಲ್ಲಿ ತುದಿ ಮಾತ್ರ ಕೊಳೆತವನ್ನು ಕೊಯ್ದು ಚಿಕ್ಕ ಕೋಣೆಗೆ ಬಳಸಿದೆವು. ಕಂಬ ಬಾಗಿಲುಗಳ ಎಣ್ಣೆಬಣ್ಣವನ್ನು ತೆಗೆಸಿ ಅಗಸೆ ಎಣ್ಣೆ ಹಚ್ಚಿಸಿದೆವು. ಹಳೆಯ ಮರದ ವ್ಯಾಪಾರಿಯೊಬ್ಬರು ಆ ನಾಲ್ಕು ಕಂಬಗಳಿಗೆ ಬೆಲೆ ಹೇಳಿದ್ದರು. ಅದನ್ನು ಕೇಳಿದ ಮೇಲೆಯೇ ನನ್ನ ಮಗನಿಗೆ ಅವುಗಳ ಮೇಲೆ ಗೌರವ ಹುಟ್ಟಿದ್ದು!

ಈ ವಿಷಯದಲ್ಲಿ ನಮ್ಮ ಕಾಲದ ದೊಡ್ಡ ಗುರುಗಳೆಂದರೆ ಲಾರಿ ಬೇಕರ್. 1917ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, 1945ರಲ್ಲಿ ಕುಷ್ಠರೋಗಿಗಳ ಆಸ್ಪತ್ರೆಗಳ ಕೆಲಸಕ್ಕೆಂದು ಭಾರತಕ್ಕೆ ಬಂದು, ಇಲ್ಲಿಯವರೇ ಆಗಿ, 2007ರಲ್ಲಿ ತಿರುವನಂತಪುರದಲ್ಲಿ ತೀರಿಕೊಂಡವರು. ಹಿಮಾಲಯದ ಹಳ್ಳಿಗರ ಮನೆಗಳನ್ನು ನೋಡಿ ತಾವು ಕಾಲೇಜಿನಲ್ಲಿ ಕಲಿತದ್ದನ್ನು ಮರೆತು ಹೊಸದಾಗಿ ಕಲಿತವರು. ಅವರು ಬಳಕೆಗೆ ತಂದ ‘ಇಲಿಬೋನಿನ ಜೋಡಣೆ’ಯಲ್ಲಿ ಇಟ್ಟಿಗೆಗಳನ್ನು ಮಗ್ಗುಲಾಗಿ ನಿಲ್ಲಿಸಿ ಕಟ್ಟುವುದರಿಂದ ಗೋಡೆಯ ನಡುವೆ ಟೊಳ್ಳು ಉಳಿಯುತ್ತದೆ, ಸುಮಾರು ಕಾಲುಭಾಗ ಇಟ್ಟಿಗೆ ಉಳಿಯುತ್ತದೆ, ಟೊಳ್ಳಿನ ಗಾಳಿ ಬಿಸಿಲಿನ ಝಳವನ್ನು ತಡೆಯುತ್ತದೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ 1974ರಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ‘ಅಸ್ತ್ರ’ವೆಂಬ ಕೇಂದ್ರ ಹುಟ್ಟಿತು. ಅಸ್ತ್ರ ಒಲೆಯನ್ನು ಬಲ್ಲ ಗೃಹಿಣಿಯರು ಅನೇಕರಿರಬಹುದು. ಅದೇ ಕೇಂದ್ರ ಮಣ್ಣಿಗೆ ತುಸು ಸಿಮೆಂಟ್ ಬೆರೆಸಿ ಕೈಯಂತ್ರದಲ್ಲಿ ಒತ್ತಿ, ಸುಡದೆಯೇ ಗಟ್ಟಿ ಇಟ್ಟಿಗೆ ಮಾಡುವ ವಿಧಾನವನ್ನು ಬೆಳೆಸಿತು. ನಾವು ಹೊಸದಾಗಿ ಕಟ್ಟಿದ್ದು ಶೌಚಾಲಯ ಬಚ್ಚಲುಗಳ ಮೂರು ಗೋಡೆ ಮಾತ್ರ. ಅವನ್ನು ಬೇಕರ್ ಅವರ ಕ್ರಮದಲ್ಲಿ ಕಟ್ಟಿಸಿದೆ. ಮೇಸ್ತ್ರಿ ಮೊದಲು ನಕ್ಕರು. ಎರಡು ವರಸೆ ಏರಿದ ಮೇಲೆ ಎಣಿಸಿ ನೋಡಿ, “ಪರವಾಗಿಲ್ಲ ಮೇಷ್ಟ್ರೇ” ಎಂದರು.

ನಾಲ್ಕನೆಯದು ಅಳತೆ ಮತ್ತು ಲೆಕ್ಕ. ಸಾಹಿತ್ಯದವರಿಗೆ ಇದು ಕಹಿ. ನಮ್ಮ ಹರಿಹರ ಮಹಾಕವಿ ಹೊಯ್ಸಳರ ದೋರಸಮುದ್ರದಲ್ಲಿ ಕರಣಿಕನಾಗಿದ್ದು, ಲೆಕ್ಕದ ಹಾಳೆಗಳಲ್ಲೆಲ್ಲ ತನ್ನ ಇಷ್ಟದೈವ ವಿರೂಪಾಕ್ಷನ ಹೆಸರನ್ನೇ ಬರೆದು ಕೊನೆಗೆ ಆ ಕೆಲಸ ಬಿಟ್ಟು ಹಂಪೆಗೆ ಹೋದನೆಂಬ ಐತಿಹ್ಯವಿದೆ. ಅವನಿಗೆ ಅದು ಶೋಭಿಸಿತು. ಮನೆ ರಿಪೇರಿ ಮಾಡಿಸುವವನಿಗೆ ಶೋಭಿಸದು. ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಒಂದು ಕೋಣೆಯ ಉದ್ದ 12 ಅಡಿ, ಅಗಲ 10 ಅಡಿ, ಗೋಡೆಯ ಎತ್ತರ 9 ಅಡಿ. ಬಣ್ಣದವರು ನೆಲದ ಅಳತೆ 120 ಚದರಡಿಯನ್ನು ಮೂರೂವರೆಯಿಂದ ಗುಣಿಸಿ 420 ಎಂದರು. ನಾನು ಟೇಪು ಹಿಡಿದೆ. ನಾಲ್ಕು ಗೋಡೆಗಳ ಸುತ್ತಳತೆ 44 ಅಡಿ. ಎತ್ತರದಿಂದ ಗುಣಿಸಿದರೆ 396. ಬಾಗಿಲಿಗೆ 21, ಎರಡು ಕಿಟಕಿಗಳಿಗೆ 24 ಕಳೆದರೆ ಉಳಿಯುವುದು 351. ಒಂದೇ ಕೋಣೆಯಲ್ಲಿ 69 ಚದರಡಿಯ ವ್ಯತ್ಯಾಸ! ಅವರು ಮೋಸಗಾರರಲ್ಲ, ಅದು ರೂಢಿಯ ಲೆಕ್ಕ. ರೂಢಿಯ ಲೆಕ್ಕಕ್ಕೆ ನಾವು ದುಡ್ಡು ಕೊಡುತ್ತೇವೆ, ಅಷ್ಟೆ.

ಕೂಲಿಯ ವಿಷಯದಲ್ಲಿ ನನಗೆ ಕಂಡದ್ದಿಷ್ಟು. ಅಳತೆಗೆ ಸಿಗುವ ಕೆಲಸವನ್ನು, ಎಂದರೆ ಗಾರೆ, ನೆಲ, ಹೊಸ ಗೋಡೆಗಳನ್ನು, ಗುತ್ತಿಗೆಗೆ ಕೊಡಬೇಕು. ಅಳತೆಗೆ ಸಿಗದ ಕೆಲಸವನ್ನು, ಎಂದರೆ ಜಂತೆಯ ಕೊಳೆತ ತುದಿ ಹುಡುಕುವುದು, ಬಾಗಿಲ ಕೀಲು ಸರಿಪಡಿಸುವುದು ಇಂಥವನ್ನು, ದಿನಗೂಲಿಯಲ್ಲಿ ಮಾಡಿಸಬೇಕು. ಎರಡನೆಯದನ್ನು ಗುತ್ತಿಗೆಗೆ ಕೊಟ್ಟರೆ ಕೊಳೆತದ್ದು ಕೊಳೆತಂತೆಯೇ ಮುಚ್ಚಿಹೋಗುತ್ತದೆ. ಒಳ್ಳೆಯ ಕೆಲಸಗಾರನ ಕೂಲಿಯಲ್ಲಿ ಚೌಕಾಸಿ ಮಾಡಕೂಡದು. ಅವನ ಒಂದು ದಿನ ಕಲಿಯದವನ ಮೂರು ದಿನಕ್ಕೆ ಸಮ. ಅವನ ದಿನವನ್ನು ನಾವು ಹಾಳುಮಾಡದಿದ್ದರೆ ಸಾಕು. ಮರಳು ಬಂದಿಲ್ಲ, ಮೊಳೆ ಮುಗಿದಿದೆ ಎಂದು ಅವನನ್ನು ಕೂರಿಸಿ ಕೂಲಿ ಕೊಟ್ಟ ದಿನಗಳನ್ನು ಎಣಿಸಿದರೆ ನನ್ನಿಂದಲೇ ಆದ ನಷ್ಟ ಐದು ದಿನದ್ದು.

ಈಗ ಅಲಂಕಾರಕ್ಕೆ ಬರೋಣ. ಹಳೆಯ ಮನೆಯ ದೊಡ್ಡ ಕೊರತೆ ಕತ್ತಲೆ. ಅದಕ್ಕೆ ಅಗ್ಗದ ಮದ್ದು ಗಾಜಿನ ಹೆಂಚು. ಹಜಾರದಲ್ಲಿ ನಾಲ್ಕು, ಅಡುಗೆಮನೆಯಲ್ಲಿ ಎರಡು ಗಾಜಿನ ಹೆಂಚುಗಳನ್ನು ಕೂರಿಸಿದ ದಿನ ಅಕ್ಕ ಅಡುಗೆಮನೆಯ ನಡುವೆ ನಿಂತು ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡಳು. ಬಿಳಿಯ ಸುಣ್ಣದ ಗೋಡೆ ಆ ಬೆಳಕನ್ನು ಮೂಲೆಮೂಲೆಗೂ ಹಂಚಿತು. ನೆಲಕ್ಕೆ ಹೊಳಪಿನ ಬಿಲ್ಲೆಗಳ ಬದಲು ಕೆಂಪು ಆಕ್ಸೈಡಿನ ಗಾರೆ ಮಾಡಿಸಿದೆವು. ಅದಕ್ಕೆ ಬೇಕಾದದ್ದು ದುಬಾರಿ ಸಾಮಾನಲ್ಲ, ನುರಿತ ಕೈ ಮತ್ತು ತಾಳ್ಮೆ. ಒಂದು ಕೋಣೆಯನ್ನು ಒಂದೇ ದಿನದಲ್ಲಿ ಮುಗಿಸಬೇಕು, ಕರಣೆಯಿಂದ ನಯವಾಗಿ ತಿಕ್ಕಬೇಕು, ಆಮೇಲೆ ದಿನಗಟ್ಟಲೆ ನೀರು ಕಟ್ಟಿ ನಿಲ್ಲಿಸಬೇಕು. ಬಿರುಕು ಬಿಟ್ಟರೆ ತೇಪೆ ಹಾಕಿದ್ದು ಕಾಣಿಸಿಯೇ ಕಾಣಿಸುತ್ತದೆಂಬ ದೋಷವೂ ಅದಕ್ಕುಂಟು. ವಯಸ್ಸಾದವರಿರುವ ಮನೆಯಲ್ಲಿ ಬಚ್ಚಲಿಗೆ ಮಾತ್ರ ಒರಟು ನೆಲವೇ ಬೇಕು.

ಅಲಂಕಾರವೆಂದರೆ ಕೊಂಡು ತರುವುದೆಂಬ ಭಾವನೆ ಇತ್ತೀಚಿನದು. ಸಾಗರದ ಕಡೆಯ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣಿನ ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರವನ್ನು ನೆನೆಯಿರಿ. ಬಿಳಿಗೆ ಅಕ್ಕಿಯ ಹಿಟ್ಟು, ಕಪ್ಪಿಗೆ ಹುರಿದು ಕರಿಮಾಡಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ, ಕುಂಚಕ್ಕೆ ಪುಂಡಿ ನಾರು. ಅಂಗಡಿಯಿಂದ ಬಂದದ್ದು ಯಾವುದೂ ಇಲ್ಲ. ಅಂಗಡಿಯಲ್ಲಿ ಅದಕ್ಕೆ ಸಮನಾದದ್ದೂ ಇಲ್ಲ. ನಮ್ಮ ಹಜಾರದ ಗೋಡೆಗೆ ಅಕ್ಕ ಬುಡದಲ್ಲಿ ಮೊಳದಗಲ ಕೆಮ್ಮಣ್ಣಿನ ಪಟ್ಟಿ ಬಳಿದು, ಮೇಲೆ ಸುಣ್ಣದಲ್ಲಿ ಎಳೆ ಬರೆದಳು. ಬೆಂಗಳೂರಿನಿಂದ ಬಂದ ಸೊಸೆ ಅದನ್ನೇ ಮೊದಲು ನೋಡಿದಳು.

ಇಷ್ಟು ಹೇಳಿದ ಮೇಲೆ, ಎಲ್ಲಿ ಉಳಿಸಕೂಡದೆಂಬುದನ್ನು ಹೇಳದಿದ್ದರೆ ಅಪಚಾರವಾದೀತು. ವಿದ್ಯುತ್ ತಂತಿಯಲ್ಲಿ ಉಳಿಸಕೂಡದು: ಮರದ ಛಾವಣಿಯ ಮನೆಯಲ್ಲಿ ಹಳೆಯ ತಂತಿಯೆಂದರೆ ಒಲೆಯ ಪಕ್ಕದ ಹುಲ್ಲುಮೆದೆ. ಐ.ಎಸ್.ಐ. ಗುರುತಿನ ತಂತಿ, ಸರಿಯಾದ ಅರ್ಥಿಂಗು, ಪರವಾನಗಿಯಿರುವ ಕೆಲಸಗಾರ ಇವು ಬೇಕೇ ಬೇಕು. ತೂಕ ಹೊರುವ ತೊಲೆಯಲ್ಲಿ ಉಳಿಸಕೂಡದು. ಶೌಚದ ಗುಂಡಿಯನ್ನು ಬಾವಿಯಿಂದ ದೂರವಿಡುವುದರಲ್ಲಿ ಉಳಿಸಕೂಡದು. ಹಳೆಯ ಎಣ್ಣೆಬಣ್ಣವನ್ನು ಒಣದಾಗಿ ಉಜ್ಜಿ ಧೂಳೆಬ್ಬಿಸಕೂಡದು. ಅದರಲ್ಲಿ ಸೀಸವಿರಬಹುದು, ಮಕ್ಕಳಿಗೆ ಅದು ವಿಷ. ಮನೆಬಳಕೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರಲ್ಲಿ. ಅದಕ್ಕೆ ಹಿಂದಿನ ಬಣ್ಣವನ್ನು ನೀರಿನಿಂದ ತೋಯಿಸಿ, ಮೂಗುಬಾಯಿಗೆ ಬಟ್ಟೆಯಲ್ಲ, ಸರಿಯಾದ ಮುಖಗವಸು ಕಟ್ಟಿಕೊಂಡು ತೆಗೆಯಬೇಕು. ನಾವು ಹಾಗೆ ಮಾಡಿದೆವು.

ಮುಂಗಾರು ಹಿಡಿಯುವ ಮೊದಲೇ ಕೆಲಸ ಮುಗಿಯಿತು. ಲೆಕ್ಕ ಹೇಳಿಬಿಡುತ್ತೇನೆ. ಛಾವಣಿಗೆ 1,72,000; ಶೌಚಾಲಯ ಬಚ್ಚಲುಗಳಿಗೆ 1,36,000; ಗೋಡೆ ಮತ್ತು ಸುಣ್ಣಕ್ಕೆ 88,000; ವಿದ್ಯುತ್ತಿಗೆ 64,000; ನೆಲಕ್ಕೆ 52,000; ಬಡಗಿಗೆ 39,000; ಚರಂಡಿಗೆ ಆಗಲೇ ಹೇಳಿದ 22,000. ಒಟ್ಟು 5,73,000 ರೂಪಾಯಿ. ಕಾಣದ ಖರ್ಚಿಗೆಂದು ಇಟ್ಟದ್ದರಲ್ಲಿ 33 ಸಾವಿರ ಹೋಗಿ 27 ಸಾವಿರ ಉಳಿಯಿತು. ತಮ್ಮ ಬಂದು ಲೆಕ್ಕ ನೋಡಿದ, ಮನೆ ನೋಡಿದ, ಮಾರುವ ಮಾತನ್ನು ಎತ್ತಲಿಲ್ಲ.

ಕೊನೆಯದಾಗಿ ಒಂದು ಸಂಗತಿ. ಅಟ್ಟ ಖಾಲಿ ಮಾಡುವಾಗ ನಮ್ಮ ತಂದೆಯ ಪೆಟ್ಟಿಗೆ ಸಿಕ್ಕಿತು. 2005ರಲ್ಲಿ ಗೋಡೆ ಬಿದ್ದಾಗ ಆ ಕೋಣೆಯಲ್ಲಿದ್ದು ನೆನೆದಿದ್ದ ಪೆಟ್ಟಿಗೆ. ಅದರೊಳಗೆ 1962ರಲ್ಲಿ ಮನೆ ಕಟ್ಟಿದಾಗಿನ ಲೆಕ್ಕದ ಪುಸ್ತಕವಿತ್ತು. ಮೊದಲ ಕೆಲವು ಪುಟಗಳನ್ನು ಓದಬಹುದು. ಘಟ್ಟ ಹತ್ತಿ ಲಾರಿಯಲ್ಲಿ ಬಂದ ಹೆಂಚಿನ ಬೆಲೆ, ಹಳೆಯ ಮನೆಯಿಂದ ಬಿಚ್ಚಿತಂದ ಬಾಗಿಲುಗಳು, ಸುಣ್ಣದ ಗಾಡಿಗಳು ಅಲ್ಲಿವೆ. ಒಂದು ಪುಟದ ತುಂಬ ಬರಿಯ ಹೆಸರುಗಳು, ಎದುರಿಗೆ ಹಣವಿಲ್ಲ. ಮೇಲೆ ‘ಮುಯ್ಯಾಳು’ ಎಂದು ಬರೆದಿದೆ. ಗೋಡೆಗೆ ಮಣ್ಣು ತುಳಿದು ಕೊಟ್ಟವರು ಅವರು. ಪ್ರತಿಯಾಗಿ ನಮ್ಮ ತಂದೆ ಅವರ ಮನೆಗಳ ಕೆಲಸಕ್ಕೆ ಹೋದ ದಿನಗಳಿಗೆ ಒಂದೊಂದು ಗೀಟು. ಆ ಕಾಲದ ಮಿತವ್ಯಯದ ಗುಟ್ಟು ಆ ಪುಟದಲ್ಲಿದೆ. ಅದನ್ನು ಇಂದು ನಾನು ಮತ್ತೆ ತರಲಾರೆನೆಂಬುದೂ ಗೊತ್ತು. ಮುಂದಿನ ಪುಟಗಳೆಲ್ಲ ನೀರಿಗೆ ಶಾಯಿ ಕದಡಿ ಒಂದಾಗಿವೆ. ಮನೆಗೆ ಒಟ್ಟು ಎಷ್ಟಾಯಿತೆಂಬುದು ಓದಲು ಬರುವುದಿಲ್ಲ. ನಾನು ಹೊಡೆಸಿದ ಸಿಮೆಂಟಿನ ಕೂಲಿ ಅದು.

ನನ್ನ ಲೆಕ್ಕವನ್ನು ಒಂದು ಹೊಸ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಉಳಿದ 27 ಸಾವಿರವನ್ನು ಅಕ್ಕನ ಹೆಸರಿನಲ್ಲಿ ಬ್ಯಾಂಕಿನಲ್ಲಿ ಇಟ್ಟು, ಪುಸ್ತಕದಲ್ಲಿ ಅದರ ಎದುರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ’ ಎಂದು ಬರೆದೆ. ಅಕ್ಕ ಕೇಳಿದಳು, ಹಾಗೆಂದರೇನೆಂದು. ವರ್ಷಕ್ಕೊಮ್ಮೆ ಹೆಂಚು ಕೈಯಾಡಿಸುವುದು ಎಂದೆ. “ಅಷ್ಟೇನಾ? ಅದನ್ನ ಅಪ್ಪ ಯುಗಾದಿಗೆ ಮುಂಚೆ ತಪ್ಪದೆ ಮಾಡಿಸ್ತಿದ್ರು ಕಣೋ” ಎಂದಳು. ಈಗ ಅವಳೇ ಮಾಡಿಸುತ್ತಿದ್ದಾಳೆ.